ಉಪನಗರದ ಹುಲ್ಲುಹಾಸಿನ ಶಾಸನಗಳು: ಜಾರ್ಜಿಯಾದ ಆರನೆಯ ಕ್ಷೇತ್ರವನ್ನು ಕುರಿತು ಒಂದು ಶೋಧ

ಪ್ರಸ್ತುತ ಪ್ರಬಂಧದ ಸಿದ್ಧಾಂತ ಒಂದೇ. ಅಮೆರಿಕದ ಜಾರ್ಜಿಯಾ ರಾಜ್ಯದ ಆರನೆಯ ಕಾಂಗ್ರೆಸ್ ಕ್ಷೇತ್ರದಲ್ಲಿ 2017ರ ಉಪಚುನಾವಣೆಯ ಎರಡು ಸುತ್ತುಗಳ ನಡುವೆ ಏನೂ ನಡೆಯಲಿಲ್ಲ. ಪೂರ್ವಸೂರಿಗಳು ಇದನ್ನು ಒಪ್ಪಲಾರರು. ಒಪ್ಪಿದರೆ ಆ ಎರಡು ತಿಂಗಳಲ್ಲಿ ಅವರು ಬರೆದದ್ದೆಲ್ಲ ಪ್ರಕ್ಷಿಪ್ತವೆಂದು ಕೈಬಿಡಬೇಕಾಗುತ್ತದೆ.

ಮೊದಲು ದೇಶವಿಚಾರ. ಅಟ್ಲಾಂಟಾದ ಉತ್ತರಕ್ಕೆ ಕಾಬ್, ಫುಲ್ಟನ್, ಡಿಕಾಬ್ ಎಂಬ ಮೂರು ಕೌಂಟಿಗಳ ತುಂಡುಗಳನ್ನು ಸೇರಿಸಿ ಮಾಡಿದ ಕ್ಷೇತ್ರ ಆಗಿನದು. ರಾಸ್‌ವೆಲ್, ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಡನ್‌ವುಡಿ ಆಗ ಇದರ ಮುಖ್ಯ ಊರುಗಳಾಗಿದ್ದವು. (ಅಮೆರಿಕಕ್ಕೆ ಹೋದ ಸಾಫ್ಟ್‌ವೇರ್ ಬಂಧುಗಳ ವಿಳಾಸ ಬರೆದಿಟ್ಟುಕೊಂಡವರಿಗೆ ನಡುವಿನ ಎರಡು ಹೆಸರು ಅಪರಿಚಿತವಲ್ಲ.) ಇನ್ನು ಕಾಲವಿಚಾರ. ನ್ಯೂಟ್ ಗಿಂಗ್ರಿಚ್ 1979ರಲ್ಲಿ ಏರಿದಂದಿನಿಂದ ಈ ಪೀಠ ರಿಪಬ್ಲಿಕನ್ನರ ಕೈಬಿಟ್ಟಿರಲಿಲ್ಲ. ಟಾಮ್ ಪ್ರೈಸ್ ಟ್ರಂಪ್ ಸಂಪುಟದಲ್ಲಿ ಆರೋಗ್ಯ ಖಾತೆಗೆ ಹೋದದ್ದರಿಂದ ತೆರವಾಯಿತು. ಇದೇ ಕ್ಷೇತ್ರದಲ್ಲಿ 2012ರಲ್ಲಿ ಮಿಟ್ ರಾಮ್ನಿ ಶೇ. 23ರ ಅಂತರದಿಂದ ಮುಂದಿದ್ದರು. 2016ರಲ್ಲಿ ಟ್ರಂಪ್ ಮುಂದಿದ್ದದ್ದು ಶೇ. ಒಂದೂವರೆಯಷ್ಟು. ಕಾಲೇಜು ಓದಿದ, ತೆರಿಗೆ ಕಡಿಮೆಯಾಗಲಿ ಎನ್ನುವ, ಆದರೆ ಟ್ರಂಪ್ ಟಿವಿಯಲ್ಲಿ ಬಂದರೆ ಸದ್ದು ತಗ್ಗಿಸುವ ಒಂದು ವರ್ಗ ಅಲ್ಲಿ ಹುಟ್ಟಿಕೊಂಡಿದೆಯೆಂದು ಡೆಮಾಕ್ರಟರು ಊಹಿಸಿದರು. ಊಹೆ ಸುಳ್ಳಲ್ಲ. ಆ ವರ್ಗವೇ ಅದೇ ದಿನ ಅದೇ ಮತಪತ್ರದಲ್ಲಿ ಪ್ರೈಸ್ ಅವರನ್ನು ಭರ್ಜರಿಯಾಗಿ ಗೆಲ್ಲಿಸಿತ್ತು ಎಂಬುದನ್ನು ಮಾತ್ರ ಟಿಪ್ಪಣಿಗೆ ತಳ್ಳಲಾಯಿತು.

ಆಕರಗಳ ಪೈಕಿ ಪ್ರಧಾನವಾದವು ಮನೆಮುಂದಿನ ಹುಲ್ಲುಹಾಸಿನಲ್ಲಿ ನೆಟ್ಟ ಫಲಕಗಳು. ಇವನ್ನು ಶಾಸನಗಳೆಂದೇ ಪರಿಗಣಿಸತಕ್ಕದ್ದು. ಶಿಲೆ: ಪ್ಲಾಸ್ಟಿಕ್. ಲಿಪಿ: ರೋಮನ್. ಸ್ಥಿತಿ: ಮಳೆ ಬಂದರೆ ತ್ರುಟಿತ. ನಮ್ಮ ದಾನಶಾಸನಗಳಲ್ಲಿ ದಾನಿಯ ಹೆಸರು ಬಿರುದಾವಳಿಯ ಸಮೇತ ಮೇಲೆ ರಾರಾಜಿಸುತ್ತದೆ. ಇಲ್ಲಿ ಖರ್ಚು ಕೊಟ್ಟವರ ಹೆಸರು ಅಡಿಯಲ್ಲಿ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ ಇರುತ್ತದೆ. ದಾನಿಗಳೂ ಸ್ಥಳೀಯರಲ್ಲ. ಡೆಮಾಕ್ರಟ್ ಅಭ್ಯರ್ಥಿ, ಮೂವತ್ತರ ಜಾನ್ ಆಸಫ್ ಎತ್ತಿದ 2 ಕೋಟಿ ಡಾಲರ್‌ಗೂ ಮಿಗಿಲಾದ ಹಣದಲ್ಲಿ ಹೆಚ್ಚಿನದು ಜಾರ್ಜಿಯಾವನ್ನು ನಕ್ಷೆಯಲ್ಲಷ್ಟೇ ಬಲ್ಲವರದು. ರಿಪಬ್ಲಿಕನ್ ಅಭ್ಯರ್ಥಿ ಕ್ಯಾರೆನ್ ಹ್ಯಾಂಡೆಲ್ ಪರವಾಗಿ ಸುರಿದ ಹಣದಲ್ಲೂ ಬಹುಪಾಲು ವಾಷಿಂಗ್ಟನ್ನಿನ ಸಮಿತಿಗಳದು. ಹೀಗಾಗಿ ಹುಲ್ಲು ಒಬ್ಬರದು, ಶಾಸನ ಮತ್ತೊಬ್ಬರದು.

ಶಾಸನದ ಕೊನೆಯಲ್ಲಿ ಬರಬೇಕಾದ ಶಾಪಾಶಯ ಫಲಕಗಳಲ್ಲಿ ಕಾಣುವುದಿಲ್ಲ. ಅದು ಟಿವಿ ಜಾಹೀರಾತಿಗೆ ವರ್ಗವಾಗಿದೆ. ನಮ್ಮಲ್ಲಾದರೆ ದಾನಕ್ಕೆ ಅಳುಪಿದವನಿಗೆ ಕವಿಲೆಯನ್ನು ಕೊಂದ ಪಾಪ. ಅಲ್ಲಿ ಡೆಮಾಕ್ರಟ್ ನಾಯಕಿ ನ್ಯಾನ್ಸಿ ಪೆಲೋಸಿಯ ಕಡೆಯವನು ಎಂಬ ಪಾಪ. ಕಾಲೇಜು ದಿನಗಳಲ್ಲಿ ಆಸಫ್ ‘ಸ್ಟಾರ್ ವಾರ್ಸ್’ ಸಿನಿಮಾದ ಹಾನ್ ಸೋಲೋ ವೇಷ ಹಾಕಿದ್ದ ವಿಡಿಯೊ ಅಗೆದು ತೆಗೆದು, ಇಂಥವನಿಗೆ ಮತವೇ ಎಂದು ಕೇಳಲಾಯಿತು. (ಬಣ್ಣ ಹಚ್ಚಿದ್ದು ರಾಜಕಾರಣಕ್ಕೆ ಅನರ್ಹತೆ ಎಂಬ ವಾದ ದಕ್ಷಿಣ ಭಾರತದ ಪಂಡಿತರಿಗೆ ಅರ್ಥವಾಗದು.) ಪೆಲೋಸಿಯ ಊರಾದ ಸ್ಯಾನ್ ಫ್ರಾನ್ಸಿಸ್ಕೊದವರು ಜಾರ್ಜಿಯಾದವರಿಗೆ ಧನ್ಯವಾದ ಹೇಳುವಂತೆ ನಟಿಸಿದ ಇನ್ನೊಂದು ಜಾಹೀರಾತೂ ಇತ್ತು. ಅಷ್ಟು ದೂರದ ಸ್ತುತಿ ಉಪನಗರದಲ್ಲಿ ಬೈಗುಳವಾಗಿ ಕೆಲಸ ಮಾಡುತ್ತದೆ.

ವಾಸಸ್ಥಳದ ವಿವಾದ ಪ್ರತ್ಯೇಕ ಅಧ್ಯಾಯ ಬೇಡುತ್ತದೆ. ಆಸಫ್ ಕ್ಷೇತ್ರದ ಗಡಿಯ ಆಚೆ ವಾಸವಾಗಿದ್ದರು. ಅಮೆರಿಕದ ಸಂವಿಧಾನಕ್ಕೆ ಅಭ್ಯರ್ಥಿ ಆ ರಾಜ್ಯದ ನಿವಾಸಿಯಾಗಿದ್ದರೆ ಸಾಕು; ಎದುರಾಳಿಗೆ ಸಾಲದು. ಭಾವಿ ಪತ್ನಿ ವೈದ್ಯಕೀಯ ಓದುತ್ತಿದ್ದ ಎಮರಿ ವಿಶ್ವವಿದ್ಯಾಲಯಕ್ಕೆ ಹತ್ತಿರವಿರಲೆಂದು ಅಲ್ಲಿದ್ದೇನೆ ಎಂಬ ಉತ್ತರ ಮಾನವೀಯವಾಗಿತ್ತು, ಮತವಾಗಲಿಲ್ಲ. ತನಗೆ ತಾನೇ ಮತ ಹಾಕಿಕೊಳ್ಳಲಾಗದ ಅಭ್ಯರ್ಥಿಯನ್ನು ನಿಷ್ಕಾಮಕರ್ಮದ ಉದಾಹರಣೆಯೆಂದು ಭಾಷ್ಯಕಾರರು ಇನ್ನೂ ಏಕೆ ಬಳಸಿಕೊಂಡಿಲ್ಲವೋ.

ಈಗ ಸಿದ್ಧಾಂತಕ್ಕೆ ಪ್ರಮಾಣ. ಏಪ್ರಿಲ್ 18ರ ಮೊದಲ ಸುತ್ತಿನಲ್ಲಿ 18 ಮಂದಿ ಕಣದಲ್ಲಿದ್ದರು, ಅವರಲ್ಲಿ 11 ಮಂದಿ ರಿಪಬ್ಲಿಕನ್ನರೇ. ಆಸಫ್‌ಗೆ ಬಂದದ್ದು ಶೇ. 48.1. ಅರ್ಧ ದಾಟದ್ದರಿಂದ, ಶೇ. 20ಕ್ಕೆ ತುಸು ಕಡಿಮೆ ಪಡೆದ ಹ್ಯಾಂಡೆಲ್ ಜೊತೆ ಜೂನ್ 20ರಂದು ಎರಡನೆಯ ಸುತ್ತು. ನಡುವಿನ ಎರಡು ತಿಂಗಳು ಹಣದ ಹೊಳೆ ಹರಿಯಿತು. ಒಟ್ಟು ಖರ್ಚು 5 ಕೋಟಿ ಡಾಲರ್ ದಾಟಿ, ಅಲ್ಲಿಯವರೆಗಿನ ಪ್ರತಿನಿಧಿ ಸಭೆಯ ಚುನಾವಣೆಗಳಲ್ಲೇ ದಾಖಲೆಯಾಯಿತು. ಕದ ತಟ್ಟಿದವರ ಹಿಂದೆಯೇ ಕದ ತಟ್ಟುವವರು ಬಂದರು. ಫಲ: ಆಸಫ್‌ಗೆ ಶೇ. 48.2. ಒಂದು ದಶಾಂಶದ ವೃದ್ಧಿ! ಮತ ಹಾಕಿದವರು ಸುಮಾರು 2 ಲಕ್ಷ 60 ಸಾವಿರ. ತಲೆಗೆ ಸುಮಾರು 200 ಡಾಲರ್. ಮೊದಲ ಸುತ್ತಿಗಿಂತ ಸುಮಾರು 68 ಸಾವಿರ ಮಂದಿ ಹೆಚ್ಚು ಬಂದರಲ್ಲ ಎಂದು ಆಕ್ಷೇಪಿಸಬಹುದು. ಬಂದರು, ಸರಿ. ಬಂದವರೂ ಹಳಬರು ಹೋಳಾದಂತೆಯೇ ಹೋಳಾದರು.

ಪೂರ್ವಪಕ್ಷದವರಲ್ಲಿ ಹಣಪಂಥ, (ಮತದಾನದ ದಿನದ ಮಳೆಯನ್ನು ದೂರುವ) ಮಳೆಪಂಥ, ಅಭ್ಯರ್ಥಿ-ಸಪ್ಪೆ-ಪಂಥ ಎಂದು ಮೂರು ಕವಲು. ಅವರೆಲ್ಲರಿಗೂ ಉತ್ತರ ಪಕ್ಕದ ದಕ್ಷಿಣ ಕ್ಯಾರೊಲಿನಾದಲ್ಲಿದೆ. ಅದೇ ಜೂನ್ 20ರಂದು ಅಲ್ಲಿನ ಐದನೆಯ ಕ್ಷೇತ್ರದಲ್ಲೂ ಉಪಚುನಾವಣೆ ನಡೆಯಿತು. ದೊಡ್ಡ ಟಿವಿ ವಾಹಿನಿಗಳು ಅತ್ತ ತಲೆಹಾಕಿಯೂ ಮಲಗಿರಲಿಲ್ಲ. ಅಲ್ಲಿ ಡೆಮಾಕ್ರಟ್ ಆರ್ಚಿ ಪಾರ್ನೆಲ್ ಸೋತದ್ದು ಶೇ. 3ರಷ್ಟರಿಂದ, ಜಾರ್ಜಿಯಾದ ಅಂತರ ಶೇ. 3.6. ನೋಡುವವರಿಲ್ಲದ ಕಡೆ ಪೈಪೋಟಿ ಇನ್ನೂ ಬಿಗಿಯಾಗಿತ್ತು! ನೋಡುವುದರಿಂದಲೇ ವಸ್ತು ಕೆಡುತ್ತದೆಂಬ ನಿರ್ಣಯಕ್ಕೆ ಬರಲು ನನಗೆ ಆಸೆಯಿದೆ, ಧೈರ್ಯವಿಲ್ಲ.

ಉಪನಗರವನ್ನು ಗೆಲ್ಲಲಾಗದೆಂದು ಷರಾ ಬರೆದ ಶಾಯಿ ಆರುವ ಮುನ್ನವೇ, 2018ರಲ್ಲಿ ಡೆಮಾಕ್ರಟ್ ಲೂಸಿ ಮೆಕ್‌ಬಾತ್ ಅದೇ ಹ್ಯಾಂಡೆಲ್ ಅವರನ್ನು ಶೇ. 1ರಷ್ಟರಿಂದ ಸೋಲಿಸಿದರು. ಪೂರ್ವಸೂರಿಗಳು ಉಪನಗರ ಕೈಗೆ ಬಂತೆಂದು ಹೊಸ ಭಾಷ್ಯ ತೆಗೆದರು. 2021ರಲ್ಲಿ ರಾಜ್ಯದ ಶಾಸಕರು ಗಡಿಗಳನ್ನೇ ಹೊಸದಾಗಿ ಎಳೆದರು. ಆರನೆಯ ಕ್ಷೇತ್ರ ರಿಪಬ್ಲಿಕನ್ನರಿಗೆ ಅನುಕೂಲವಾಯಿತು, ಮೆಕ್‌ಬಾತ್ ಪಕ್ಕದ ಏಳಕ್ಕೆ ಹೋದರು. ನಮ್ಮ ಸಂಶೋಧನೆಯ ಭೂಮಿಯೇ ಕಾಲಡಿಯಿಂದ ಜಾರಿತು.

ವಾಸಸ್ಥಳದ ವಿವಾದ ಮಾತ್ರ ಅದಾಗಲೇ ಇತ್ಯರ್ಥವಾಗಿತ್ತು. 2021ರ ಜನವರಿಯಲ್ಲಿ, ಅದೂ ಎರಡನೆಯ ಸುತ್ತಿನಲ್ಲೇ, ಆಸಫ್ ಸೆನೆಟ್‌ಗೆ ಗೆದ್ದರು. ಅಲ್ಲಿ ಇಡೀ ಜಾರ್ಜಿಯಾ ಒಂದೇ ಕ್ಷೇತ್ರ. ಮನೆ ಎಲ್ಲಿದ್ದರೂ ಒಳಗೇ.