ಎಂಎಚ್ ರಾಯರು

ನಮ್ಮ ಓಣಿಯಲ್ಲಿ ರಾಯರು ಮೂವರು: ಬ್ಯಾಂಕ್ ರಾಯರು, ಬಿಪಿ ರಾಯರು, ಎಂಎಚ್ ರಾಯರು. ಮೊದಲನೆಯವರಿಗೆ ಬಿರುದು ಕೊಟ್ಟದ್ದು ನೌಕರಿ, ಎರಡನೆಯವರಿಗೆ ಡಾಕ್ಟರು, ಮೂರನೆಯವರಿಗೆ ಅವರ ಜಿಪ್ಸಿಯ ನಂಬರ್ ಪ್ಲೇಟು. ಪುಣೆಯಲ್ಲಿ ಇಪ್ಪತ್ತೆಂಟು ವರ್ಷ ಕಾರ್ಖಾನೆಯ ಚಾಕರಿ ಮಾಡಿ ನಿವೃತ್ತರಾದ ಅವರು ಸಾತಾರಾ, ಕರಾಡ, ಕೊಲ್ಹಾಪುರ ದಾಟಿ, ನಿಪ್ಪಾಣಿಯಲ್ಲಿ ಚಹಾ ಕುಡಿದು, ಓಣಿಗೆ ಬಂದಿಳಿದದ್ದು ರಾತ್ರಿ ಹನ್ನೊಂದಕ್ಕೆ. ಬಂದದ್ದನ್ನು ಯಾರೂ ನೋಡಲಿಲ್ಲ, ಎಲ್ಲರೂ ಕೇಳಿದರು. ನೀರಿನ ಟ್ಯಾಂಕರ್ ಬಂತೆಂದು ಬಿಪಿ ರಾಯರು ಎರಡು ಕೊಡ ಹಿಡಿದೇ ಹೊರಗೆ ಓಡಿಬಂದಿದ್ದರು.

ಬೆಳಿಗ್ಗೆ ಗಾಡಿಯ ದರ್ಶನವಾಯಿತು. ಅದು 1994ರ ಮಾರುತಿ ಜಿಪ್ಸಿ ಎಂದು ಆರ್‌ಸಿ ಪುಸ್ತಕ ಹೇಳುತ್ತಿತ್ತು. ಗಾಡಿಗೆ ಮಾತ್ರ ಆ ಮಾತು ಒಪ್ಪಿಗೆ ಇದ್ದಂತಿರಲಿಲ್ಲ. ಟೈರುಗಳು ಟ್ರ್ಯಾಕ್ಟರಿನ ದಾಯಾದಿಗಳು. ಮುಂದೆ ಕೋಟೆಬಾಗಿಲಿನಂಥ ಕಬ್ಬಿಣದ ಬಂಪರ್, ತಲೆಯ ಮೇಲೆ ಜಾತ್ರೆಯ ದೀಪಗಳ ಸಾಲು, ಬದಿಗೆ ಆನೆ ಸೊಂಡಿಲೆತ್ತಿದಂತೆ ಒಂದು ಕೊಳವೆ. ಕೊಳವೆ ಯಾಕೆಂದು ಕೇಳಿದೆ.

"ಹೊಳಿ ದಾಟುವಾಗ ಇಂಜಿನ್ ಉಸಿರಾಡಬೇಕಲ್ರೀ" ಎಂದರು.

ಆ ಗಾಡಿ ಈತನಕ ದಾಟಿದ ಅತಿ ದೊಡ್ಡ ಹೊಳೆ ಓಣಿಯ ಮೂಲೆಯಲ್ಲಿ ಉಕ್ಕುವ ಗಟಾರ.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಮನೆಗೆ ಬಂದವರಿಗೆ ಇವರು ಮದುವೆಯ ಆಲ್ಬಂ ತೋರಿಸುವುದಿಲ್ಲ, ಬಾನೆಟ್ ಎತ್ತಿ ತೋರಿಸುತ್ತಾರೆ. ಗಾಡಿಯನ್ನು ಗಾಡಿ ಎನ್ನದೆ 'ಪ್ರಾಜೆಕ್ಟ್' ಎನ್ನುತ್ತಾರೆ. ಪ್ರಾಜೆಕ್ಟ್ ಎಂದರೆ ಎಂದೂ ಮುಗಿಯದ ಕೆಲಸ ಎಂದು ಅವರ ಮನೆಯವರಿಗೆ ಮಾತ್ರ ಗೊತ್ತಿರುತ್ತದೆ. ಭಾನುವಾರ ಮಧ್ಯಾಹ್ನ ಗಾಡಿಯ ಅಡಿಯಿಂದ ಎರಡು ಕಾಲು ಹೊರಗೆ ಚಾಚಿದ್ದರೆ ಗಾಬರಿ ಬೀಳಬೇಡಿ. ಅಪಘಾತವಲ್ಲ, ಅನುರಾಗ.

ನನಗೂ ಬಾನೆಟ್ ದರ್ಶನವಾಯಿತು. ರಾಯರು ದನಿ ಇಳಿಸಿ ಗುಟ್ಟು ಹೇಳಿದರು. "ಪುಸ್ತಕದಾಗ 970 ಸಿಸಿ. ಒಳಗ ಕೂತದ್ದು 1298. ಎಸ್ಟೀಮ್ ಕಾರಿನ ಇಂಜಿನ್ರೀ! 2001ರಾಗ ಕೂಡಿಸಿದ್ದು."

"ಹಂಗಾರ ಪುಣ್ಯಾದಾಗ ಹೆಂಗ ಪಾಸಿಂಗ್ ಆತು?"

ರಾಯರು ಆಕಾಶದ ಕಡೆ ನೋಡಿದರು. ಅಲ್ಲಿ ಒಂದು ಕಾಗೆ ಹಾರುತ್ತಿತ್ತು. ಇಬ್ಬರೂ ಅದನ್ನೇ ನೋಡಿದೆವು.

ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ಗಾಡಿಗೆ ಅಲ್ಲಿಯ ನಂಬರ್ ಪಡೆಯಬೇಕೆನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮು. ರಾಯರು ಹನ್ನೊಂದು ತಿಂಗಳು ಹಾಯಾಗಿ ಕಳೆದು, ಹನ್ನೆರಡನೆಯ ತಿಂಗಳು ಕಾನೂನು ಪಂಡಿತರಾದರು. ಹಳೇ ಊರಿನ ಎನ್‌ಒಸಿಗೆ ಫಾರಂ 28, ಹೊಸ ನಂಬರಿಗೆ ಫಾರಂ 27, ಹದಿನೈದು ವರ್ಷ ಮೀರಿದ ಗಾಡಿಯ ನವೀಕರಣಕ್ಕೆ ಫಾರಂ 25. ವಿಷ್ಣುಸಹಸ್ರನಾಮಕ್ಕೆ ಮೀಸಲಾಗಿದ್ದ ಬೆಳಗಿನ ಹೊತ್ತಿಗೆ ಈ ಅಂಕಿಗಳ ಪಠಣ ಶುರುವಾಯಿತು. ಎನ್‌ಒಸಿಗಾಗಿ ಪುಣೆಗೆ ಹೋದರೆ, 1994ರ ದಾಖಲೆ ದಪ್ಪ ರಿಜಿಸ್ಟರಿನಲ್ಲಿತ್ತು, ಕಂಪ್ಯೂಟರಿನಲ್ಲಿರಲಿಲ್ಲ. ಅದನ್ನು ಒಳಗೆ ಏರಿಸುವುದಕ್ಕೆ 'ಬ್ಯಾಕ್‌ಲಾಗ್' ಎನ್ನುತ್ತಾರಂತೆ. "ನಮ್ಮ ಹುಡುಗನ ಇಂಜಿನಿಯರಿಂಗ್ ಬ್ಯಾಕ್‌ಲಾಗ್ ಇದಕ್ಕಿಂತ ಲಗೂನ ಮುಗದಿತ್ತು" ಎಂದರು ರಾಯರ ಮನೆಯವರು. ಮೂರು ಸಲ ಬಸ್ಸು ಹತ್ತಿದ ಮೇಲೆ ಎನ್‌ಒಸಿ ಕೈಗೆ ಬಂತು. ಅಂದು ಓಣಿಗೆಲ್ಲ ಪೇಢೆ.

ಪೇಢೆ ತುಸು ಅವಸರದ್ದಾಯಿತು. ಗಾಡಿಯನ್ನು ಇನ್ನೂ ಬ್ರೇಕ್ ಇನ್‌ಸ್ಪೆಕ್ಟರ್ ನೋಡಿರಲಿಲ್ಲ.

ಆ ದಿನ ಸಾಕ್ಷಿಯಾಗಿ ನಾನೂ ಹೋಗಿದ್ದೆ. ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು, ಮೃದು ಮಾತಿನವರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು:

"ಸರ್, ನೀವು ಮಿಲಿಟರಿದಾಗ ಇದ್ರೇನ್ರಿ?"

"ಇಲ್ರಿ."

"ಪುಸ್ತಕದಾಗ ಬಿಳೀ ಬಣ್ಣ ಐತಿ. ಇದು ಸೈನ್ಯದ ಹಸಿರು. ಈ ಹಸಿರನ್ನ ರಕ್ಷಣಾ ಇಲಾಖೆ ಬಿಟ್ಟು ಬ್ಯಾರೆ ಯಾರೂ ಗಾಡಿಗೆ ಹಚ್ಚಂಗಿಲ್ಲ. ರೂಲ್ 121."

ಬಂಪರ್ ಮುಟ್ಟಿದರು, ಟೈರು ಮುಟ್ಟಿದರು, ದೀಪ ಎಣಿಸಿದರು. ಬಳಿಕ ಹುಡುಗನೊಬ್ಬ ತೆಳು ಕಾಗದ, ಪೆನ್ಸಿಲ್ ತಂದ. ಚೇಸಿಸ್ ನಂಬರಿನ ಮೇಲೆ ಕಾಗದವಿಟ್ಟು ಉಜ್ಜಿದರೆ ಅಕ್ಷರಗಳು ಬೆಳ್ಳಗೆ ಎದ್ದುಬರುತ್ತವೆ. ನಾವು ಚಿಕ್ಕವರಿದ್ದಾಗ ನಾಲ್ಕಾಣೆಯ ಮೇಲೆ ಆಡುತ್ತಿದ್ದ ಆಟವೇ. ಇಲ್ಲಿ ಮಾತ್ರ ಅದು ಸರ್ಕಾರಿ ಕೆಲಸ. ಚೇಸಿಸ್ ನಂಬರ್ ಪುಸ್ತಕಕ್ಕೆ ಅಕ್ಷರಶಃ ಹೊಂದಿತು. ರಾಯರು ಮೀಸೆ ತಿರುವಿದರು. ಆಮೇಲೆ ಇಂಜಿನ್ ನಂಬರ್ ಉಜ್ಜಿದ. ಮೀಸೆ ಇಳಿಯಿತು.

ರಾಯರು ವಾದ ಮಂಡಿಸಿದರು: ಗಾಡಿ ಮೊದಲಿಗಿಂತ ಗಟ್ಟಿಯಾಗಿದೆ, ಬ್ರೇಕ್ ಚೆನ್ನಾಗಿದೆ, ಘಾಟು ಸರಾಗ ಹತ್ತುತ್ತದೆ. ಕಂಪನಿ ಕೊಟ್ಟದ್ದನ್ನು ತಾವು ಉದ್ಧಾರ ಮಾಡಿದ್ದಕ್ಕೆ ಇದೇನು ಬಹುಮಾನ? ಇನ್‌ಸ್ಪೆಕ್ಟರ್ ಎಲ್ಲವನ್ನೂ ಕೇಳಿ, ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಎಂದರು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ, ಮಾಲೀಕನೇ ಹೀಗೆ ಮಾಡಿದರೆ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು ಎಂದೂ ಸೇರಿಸಿದರು. ರಾಯರ ಬೆರಳುಗಳು ತಾವಾಗಿಯೇ ಎಣಿಸತೊಡಗಿದವು. ಏಳಕ್ಕೆ ಬಂದಾಗ ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸಿದರು.

"ನೌಕರಿ ಎಲ್ಲಿ ಮಾಡ್ತಿದ್ರಿ ಸರ್?"

"ಕಾರ್ಖಾನ್ಯಾಗ. ಕ್ವಾಲಿಟಿ ಕಂಟ್ರೋಲ್."

"ಡ್ರಾಯಿಂಗ್‌ಗೆ ಹೊಂದದ ಪಾರ್ಟ್ ಬಂದ್ರ ಏನ್ ಮಾಡ್ತಿದ್ರಿ?"

ಇಪ್ಪತ್ತೆಂಟು ವರ್ಷ ಅಂಗಿಯ ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು, ಕೂದಲೆಳೆಯ ವ್ಯತ್ಯಾಸಕ್ಕೂ ಕೆಂಪು ಬಣ್ಣ ಬಳಿದು ಪಾರ್ಟುಗಳನ್ನು ಮೂಲೆಗೆಸೆದ ಮನುಷ್ಯ ನೆಲ ನೋಡುತ್ತ ನಿಂತರು. ಬಾಯಿಂದ ಕನ್ನಡವೂ ಹೊರಡಲಿಲ್ಲ, ಮರಾಠಿಯೂ ಹೊರಡಲಿಲ್ಲ.

"ಮೊದಲಿನಂಗ ಮಾಡ್ಕೊಂಡು ಬರ್ರಿ. ಪಾಸ್ ಮಾಡೋಣು" ಎಂದು ಇನ್‌ಸ್ಪೆಕ್ಟರ್ ಮುಂದಿನ ಗಾಡಿಗೆ ನಡೆದರು.

ಮನೆಗೆ ಬಂದು ಸುದ್ದಿ ಹೇಳಿದಾಗ ಅವರ ಮನೆಯವರು ಅವಲಕ್ಕಿ ಕಲಸುತ್ತಿದ್ದರು. ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಪುಣ್ಯಾಕ್ಕ ಹೋಗುವಾಗ ನೀವೂ 970 ಇದ್ರಿ. ಬಂದದ್ದು 1298 ಆಗಿ. ಚೇಸಿಸ್ ಅದ ಅದ ಅಂತ ನಾ ಒಳಗ ತಗೊಂಡೆ" ಎಂದರು. ಇಷ್ಟು ಸಮರ್ಪಕವಾಗಿ ಆ ಕಾಯ್ದೆಯನ್ನು ಯಾವ ವಕೀಲರೂ ನನಗೆ ವಿವರಿಸಿಲ್ಲ.

ಆಮೇಲಿನದು ತೀರ್ಥಯಾತ್ರೆ, ತಿರುಗುಮುರುಗು. ಹಿಂದೆ ದೊಡ್ಡ ಟೈರಿಗಾಗಿ ಗುಜರಿ ಗುಜರಿ ಅಲೆದವರು ಈಗ ಚಿಕ್ಕ ಟೈರಿಗಾಗಿ ಅಲೆದರು. ದೀಪ, ಕೊಳವೆ, ಬಂಪರ್ ಒಂದೊಂದಾಗಿ ಇಳಿದವು. ಬಿಳೀ ಬಣ್ಣ ಬಂತು. ಕಷ್ಟವೆಲ್ಲ ಇಂಜಿನ್ನಿನದು. ಯಾವುದೋ ಒಂದು 970 ಸಾಲದು, ಪುಸ್ತಕದ ನಂಬರಿನ ಆ ಹಳೇ ಇಂಜಿನ್ನೇ ಬೇಕು. ಇಪ್ಪತ್ತು ವರ್ಷ ಮೀರಿದ ಹಳೇ ಸಂಬಂಧವನ್ನು ಹುಡುಕುತ್ತ ರಾಯರು ಮತ್ತೆ ಪುಣೆ ಬಸ್ಸು ಹತ್ತಿದರು. ಗ್ಯಾರೇಜಿನ ಮುದುಕ ಮೇಸ್ತ್ರಿ ಇನ್ನೂ ಇದ್ದ. ಚಹಾ ತರಿಸಿದ. ರಾಯರು ಮೂಲೆಯಲ್ಲಿದ್ದ ಆಸನದಲ್ಲಿ ಕೂತು, ಚಹಾ ಹೀರಿ, ಸಂಕಟವನ್ನೆಲ್ಲ ತೋಡಿಕೊಂಡರು. ಮೇಸ್ತ್ರಿ ಎಲ್ಲ ಕೇಳಿ, "ಸಾಹೇಬ, ಸ್ವಲ್ಪ ಏಳ್ರಿ" ಎಂದ. ಎದ್ದರು. ಗೋಣಿತಟ್ಟು ಸರಿಸಿದ. ಗಿರಾಕಿಗಳು ಇಷ್ಟೂ ವರ್ಷ ಕೂತು ಚಹಾ ಕುಡಿದು ನುಣುಪಾಗಿಸಿದ್ದ 970 ಸಿಸಿ ಅಲ್ಲಿ ಕೂತಿತ್ತು.

ಅದು ಟೆಂಪೋದಲ್ಲಿ ಬಂತು, ಗಾಡಿಯೊಳಗೆ ಕೂತಿತು, ಕೆಮ್ಮಿತು, ಎದ್ದಿತು. ಜಿಪ್ಸಿ ಪಾಸಾಯಿತು. ವಯಸ್ಸಿಗೆ ತಕ್ಕ ತೆರಿಗೆ ಕಟ್ಟಿಸಿಕೊಂಡು, ಕೆಎ ನಂಬರು ಹೊತ್ತು, ಓಣಿಗೆ ಬಂತು. ಸದ್ದೇ ಇಲ್ಲ. ಬಿಪಿ ರಾಯರ ಮಾತ್ರೆ ಅರ್ಧಕ್ಕಿಳಿಯಿತು.

ಗಾಡಿಯೀಗ ಏರು ಕಂಡರೆ ಯೋಚಿಸುತ್ತದೆ. ಆದರೆ ರಾಯರಿಗೆ ಅದರ ಕೊರಗಿಲ್ಲ. ಈ ಜಾತಿಯವರ ವೈಶಿಷ್ಟ್ಯವೇ ಅದು: ಕೈಲಾಗದ್ದನ್ನು ಅವರು ಬಿಡುವುದಿಲ್ಲ, ಸಿದ್ಧಾಂತ ಮಾಡಿಕೊಳ್ಳುತ್ತಾರೆ. "ಒರಿಜಿನಲ್ ಅಂದ್ರ ಒರಿಜಿನಲ್ರೀ. ಕಂಪನಿ ಇಂಜಿನಿಯರ್‌ಗೋಳು ಹುಚ್ಚರೇನು?" ಎಂದು ಈಗ ಕಂಡಕಂಡವರ ಬೈಕಿನ ಸೈಲೆನ್ಸರಿಗೆ ಬುದ್ಧಿ ಹೇಳುತ್ತಾರೆ. ಜೇಬಿಗೆ ವರ್ನಿಯರ್ ಮರಳಿದೆ. ಓಣಿ ಮಾತ್ರ ಅವರ ಹೆಸರಿಗೆ ಇನ್ನೂ ಎನ್‌ಒಸಿ ಕೊಟ್ಟಿಲ್ಲ. ಎಂಎಚ್ ರಾಯರು ಎಂಎಚ್ ರಾಯರೇ.

ಮೊನ್ನೆ ಎದುರುಮನೆಗೆ ತಮಿಳುನಾಡಿನ ನಂಬರಿನ ಹಳೇ ಜೀಪೊಂದು ಬಂತು. ದೊಡ್ಡ ಟೈರು, ತಲೆಯ ಮೇಲೆ ದೀಪ. ಅರ್ಧ ಗಂಟೆಯಲ್ಲಿ ಅದರ ಮಾಲೀಕ ರಾಯರ ಪಡಸಾಲೆಯಲ್ಲಿದ್ದ. ಫಾರಂ 28, 27, 25ರ ಪಾರಾಯಣ ನಡೆದಿತ್ತು. ಆತ ಚಹಾದ ಕಪ್ಪು ಹಿಡಿದು, ಮೂಲೆಯಲ್ಲಿ ಕೌದಿ ಹೊದಿಸಿದ್ದ ಎತ್ತರದ ಪೀಠದ ಮೇಲೆ ಮುಗ್ಧನಾಗಿ ಕೂತಿದ್ದ.

ಕೌದಿಯ ಅಂಚಿನಿಂದ ಎಸ್ಟೀಮಿನ ಒಂದು ಪೈಪು ಇಣುಕುತ್ತಿತ್ತು.