ಎಲ್ಲ ಮುಳ್ಳಂದಿ ಲೆಕ್ಕಕ್ಕೆ

ಚಿಕ್ಕಬಳ್ಳಾಪುರ ಸೀಮೆಯಲ್ಲಿ ನೆಟ್ಟ ಸಸಿಯನ್ನು ಮತ್ತೊಮ್ಮೆ ನೋಡಲು ಬರುವ ಪ್ರಾಣಿ ಒಂದೇ: ಮುಳ್ಳಂದಿ. 1950ರಲ್ಲಿ ಕೆ.ಎಂ. ಮುನ್ಷಿ ವನಮಹೋತ್ಸವ ಶುರುಮಾಡಿದ್ದೇ ಮಾಡಿದ್ದು, ಜುಲೈ ಬಂತೆಂದರೆ ಗುಣಿ ತೋಡಿ, ಗೊಬ್ಬರ ಹಾಕಿ, ಒಂದು ಸಸಿಗೆ ಎಂಟು ಕೈ ಹಚ್ಚಿ ಫೋಟೋಗೆ ನಿಲ್ಲುತ್ತೇವೆ. ಆಮೇಲೆ ಎಲ್ಲರೂ ಜೀಪು ಹತ್ತುತ್ತಾರೆ. ರಾತ್ರಿ ನಡೆದುಕೊಂಡು ಬರುವುದು ಅದೊಂದೇ. ಊರ ನೆಲವೆಲ್ಲ ಬಿರುಸಾಗಿರುವಾಗ ಸಡಿಲ ಮಣ್ಣು, ತೇವ, ಎಳೆ ಬೇರು ಒಂದೇ ಕಡೆ ಸಿಕ್ಕರೆ ಅಗೆಯದೆ ಬಿಟ್ಟೀತೆ?

ಇದರಿಂದ ಎಷ್ಟು ಜನರಿಗೆ ಅನುಕೂಲವಾಗಿದೆ ನೋಡಿ. ನೀರು ಕಾಣದೆ ಒಣಗಿದ ಸಸಿ, ಮೇಕೆ ಮೇಯ್ದ ಸಸಿ, ನೆಡುವ ಮೊದಲೇ ಸತ್ತ ಸಸಿ, ಎಲ್ಲವೂ 'ಮುಳ್ಳುಹಂದಿ ಹಾವಳಿ' ಎಂಬ ಒಂದೇ ಸಾಲಿನಲ್ಲಿ ಮುಗಿಯುತ್ತವೆ. ವಿಚಾರಣೆಗೆ ಕರೆದರೆ ಆರೋಪಿ ಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಹಿಡಿದು ಬಡಿಯುವಂತೆಯೂ ಇಲ್ಲ. ಮುಂದಿನ ವರ್ಷಕ್ಕೆ ಗುಣಿಯನ್ನೂ ತೆರೆದಿಟ್ಟೇ ಹೋಗಿರುತ್ತದೆ. ಹೊಸದಾಗಿ ಬರೆಯಬೇಕಾದ್ದು ಬಿಲ್ಲು ಮಾತ್ರ.

ಚಿಂತಾಮಣಿಯ ಮಾವಿನ ರೈತನಿಗೆ ಇದು ನಗುವ ಮಾತಲ್ಲ. ಮೂರಡಿ ಗುಣಿ, ಟ್ಯಾಂಕರ್ ನೀರು, ದುಡ್ಡು ಕೊಟ್ಟು ತಂದ ಕಸಿ ಗಿಡ. ಬೆಳಗಾಗುವಷ್ಟರಲ್ಲಿ ಬುಡದ ತೊಗಟೆ ಸುತ್ತಲೂ ಮಾಯ. ಸಲಹೆಗೇನೂ ಬರವಿಲ್ಲ. ತಂತಿ ಬಲೆ ಸುತ್ತಿ ಒಂದಡಿ ಮಣ್ಣೊಳಗೆ ಹೂಳು ಎಂಬುದು ಕೆಲಸಕ್ಕೆ ಬರುವ ಮಾತೇ, ಆದರೆ ಬಲೆಯ ರೇಟು ಗಿಡಕ್ಕಿಂತ ಮೇಲು. ಅಗ್ಗದ್ದು ಬೇಕೆಂದರೆ ಜಾಲಿ ಮುಳ್ಳು ಕಟ್ಟು ಅನ್ನುತ್ತಾರೆ. ಮೈಯೆಲ್ಲ ಮುಳ್ಳು ಹೊತ್ತವನನ್ನು ಮುಳ್ಳು ತೋರಿಸಿ ಹೆದರಿಸಬೇಕಂತೆ!

ಬಂಡೆ ಸಂದಿನಲ್ಲಿರಬೇಕಾದ್ದು ತೋಟಕ್ಕೇಕೆ ಬಂತು ಎಂದು ಕೇಳುವವರು ಗುಡ್ಡವನ್ನೊಮ್ಮೆ ನೋಡಿ ಬರಲಿ, ಗುಡ್ಡ ಉಳಿದಿದ್ದರೆ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಕ್ವಾರಿಯ ಜಿಲೆಟಿನ್ ಸಿಡಿದು ಆರು ಮಂದಿ ಸತ್ತಾಗ, ಇಲ್ಲಿ ಬಂಡೆ ಸಿಡಿಸುತ್ತಾರೆ ಎಂಬುದು ರಾಜ್ಯಕ್ಕೆ ಗೊತ್ತಾಯಿತು. ಮುಳ್ಳಂದಿಗೆ ಮೊದಲೇ ಗೊತ್ತಿತ್ತು.

ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆಗೆ, ಗೌರಿಬಿದನೂರಿನಲ್ಲಿ ಮುಸುಕಿನ ಜೋಳಕ್ಕೆ ಎಂದು ನಾವು 1,500 ಅಡಿವರೆಗೂ ಕೊರೆದಿದ್ದೇವೆ. ದೂಳು ಬಂದರೆ ಪಕ್ಕದಲ್ಲೇ ಇನ್ನೊಂದು. ನೆಲ ತೋಡಿ ಹಾಳುಮಾಡುತ್ತಿದೆ ಎಂಬ ಅರ್ಜಿ ಮಾತ್ರ ಒಂದೆರಡು ಅಡಿ ತೋಡುವವನ ಮೇಲೆ. ಅರ್ಜಿ ಕೊಟ್ಟು ಆಫೀಸಿನಿಂದ ಹೊರಬಂದವರ ಮಾತೆಲ್ಲ ಮುಂದಿನ ಬೋರ್‌ವೆಲ್ ಪಾಯಿಂಟಿನದು. ಈ ಸಲ ಅಂಗೈ ಮೇಲೆ ತೆಂಗಿನಕಾಯಿ ನೆಟ್ಟಗೆ ಎದ್ದು ನಿಂತಿತಂತೆ.