ಐ-ಸೆವೆನ್ನೇ ಉಂಟು ಮಾರಾಯ್ರೇ!

ಕಾಫಿಗೆ ರೇಟು ಬಂದ ವರ್ಷ ಮಲೆನಾಡಿನ ಅಂಗಳಕ್ಕೆ ಹೊಸ ಜೀಪು ಬರುತ್ತಿತ್ತು. ಅದು ಹಳೇ ಕಾಲ. 2025ರ ಆರಂಭದಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ದಾಖಲೆ ಬೆಲೆ ಮುಟ್ಟಿದ ಮೇಲೆ ಮೂಡಿಗೆರೆಯಿಂದ ಕಳಸದವರೆಗೆ ಮನೆಯೊಳಗೆ ಬರುತ್ತಿರುವುದು ‘ಎಡಿಟಿಂಗ್ ಸಿಸ್ಟಮ್’. ತೋಟಕ್ಕೊಂದು ಹೋಂಸ್ಟೇ, ಹೋಂಸ್ಟೇಗೊಂದು ರೀಲ್ಸು, ರೀಲ್ಸಿಗೊಬ್ಬ ಡಿಗ್ರಿ ಮುಗಿಸಿ ಮನೆಯಲ್ಲಿರುವ ಮಗ. ಮಗ ಸಿಸ್ಟಮ್ಮು ಕೇಳಿದ್ದಾನೆ, ಅಪ್ಪ 50,000 ಅಂದಿದ್ದಾರೆ. ಬಜೆಟ್ ಮಂಡನೆ ಅಷ್ಟಕ್ಕೇ ಮುಗಿಯಿತು.

ಈ ಅಪ್ಪ ಸಾಮಾನ್ಯರಲ್ಲ. ಪಲ್ಪರ್‌ಗೆ ಮೋಟಾರು ತರುವಾಗ ಎಷ್ಟು ಎಚ್‌ಪಿ, ಸಿಂಗಲ್ ಫೇಸೋ ತ್ರೀ ಫೇಸೋ, ವೈಂಡಿಂಗ್ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ಎಂದು ಅಂಗಡಿಯವನ ಬೆವರಿಳಿಸಿದವರು. ಕಳೆ ಹೊಡೆಯುವ ಮಿಷನ್ನಿನ ಬ್ಲೇಡನ್ನು ಉಗುರಲ್ಲಿ ಕೆರೆದು ನೋಡಿ ವಾಪಸ್ ಕೊಟ್ಟವರು. ಅಂಥವರು ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿದೊಡನೆ ಯಾರೋ ಮಂಕುಬೂದಿ ಎರಚುತ್ತಾರೆ. ಕೇಳುವ ಪ್ರಶ್ನೆ ಒಂದೇ: “ಎಷ್ಟು ಜಿಬಿ?”

“ಐ-ಸೆವೆನ್ನೇ ಉಂಟು ಮಾರಾಯ್ರೇ!” ಅಂಗಡಿಯವನು ಕಪ್ಪು ಪೆಟ್ಟಿಗೆಯ ಮೇಲಿನ ಸ್ಟಿಕ್ಕರನ್ನು ಬಟ್ಟೆಯಲ್ಲಿ ಒರೆಸಿ ತೋರಿಸುತ್ತಾನೆ. ಐ-ಸೆವೆನ್ ಹೌದು, ಸುಳ್ಳಲ್ಲ. ಆದರೆ ಹುಟ್ಟಿದ್ದು 2012ರಲ್ಲಿ, ಮೂರನೇ ತಲೆಮಾರು. ಯಾವುದೋ ಕಚೇರಿಯಲ್ಲಿ ಲೆಕ್ಕಪತ್ರ ಬರೆದು ನಿವೃತ್ತರಾಗಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೈ ತೊಳೆದುಕೊಂಡು, ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಬಂದಿಳಿದ ಹಿರಿಯರು. ಮಗನ ಫೋನು ವಿಡಿಯೋ ತೆಗೆಯುವುದು ಎಚ್‌ಇವಿಸಿ ಎಂಬ ಒತ್ತಿ ಮಡಚಿದ ರೂಪದಲ್ಲಿ. ಆ ಮಡಿಕೆಯ ನಿಯಮ ಅಂತಿಮವಾದದ್ದೇ 2013ರಲ್ಲಿ. ಬಿಚ್ಚುವ ಕಲೆ ಹಿರಿಯರಿಗೆ ಎಲ್ಲಿಂದ ಬರಬೇಕು? ವಿಂಡೋಸ್ 11 ಇವರನ್ನು ಅಧಿಕೃತವಾಗಿ ಒಳಗೆ ಬಿಡುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿಯಾಯಿತು. ಪಕ್ಕದ ಕಪಾಟಿನಲ್ಲೇ ಕೂತಿರುವ 2022ರ ಐ-ತ್ರೀ 12100 ಈ ಹಿರಿಯರನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಆದರೆ ಏಳಕ್ಕಿಂತ ಮೂರು ದೊಡ್ಡದು ಎಂದು ಒಪ್ಪಿಕೊಳ್ಳಲು ಅಪ್ಪನಿಗೇನು ಲೆಕ್ಕ ಬರುವುದಿಲ್ಲವೇ?

ಇಲ್ಲಿಗೆ ಪ್ರವೇಶ, ಬೆಂಗಳೂರಿನ ಭಾವ. ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ, ಆದ್ದರಿಂದ ಹಾರ್ಡ್‌ವೇರ್ ಗೊತ್ತು. ಸ್ಪೀಕರ್ ಫೋನಿನಲ್ಲೇ ತೀರ್ಪು ಕೊಡುತ್ತಾರೆ: “ಹೊಸದೇ ತಗೋ ಮಾರಾಯ. ಐ-ಫೈವ್ 12400 ಎಫ್. ಬರೀ 12400ಕ್ಕಿಂತ ಅಗ್ಗ.”

ಅಗ್ಗವೇ. ಹಿಂದಿರುವ ‘ಎಫ್’ ಅಂದರೆ ಚಿಪ್ಪಿನೊಳಗಿನ ಗ್ರಾಫಿಕ್ಸ್ ಇಲ್ಲ ಎಂದರ್ಥ. ಅದರೊಂದಿಗೆ ಫೋನಿನ ವಿಡಿಯೋವನ್ನು ತಡವರಿಸದೆ ಬಿಚ್ಚಿ ಓಡಿಸುವ ‘ಕ್ವಿಕ್ ಸಿಂಕ್’ ಕೂಡ ಹೋಯಿತು. ಎಡಿಟಿಂಗಿಗೆ ಏನು ಬೇಕಿತ್ತೋ ಅದನ್ನೇ ತೆಗೆಸಿ ದುಡ್ಡು ಉಳಿಸಿದ ಸಮಾಧಾನ. ಮನೆಗೆ ತಂದು ಸ್ವಿಚ್ ಒತ್ತಿದರೆ ಪರದೆ ಕಪ್ಪು, ಗ್ರಾಫಿಕ್ಸ್ ಕಾರ್ಡಿಲ್ಲದೆ ಚಿತ್ರವೇ ಬರುವುದಿಲ್ಲ. ಮತ್ತೆ ಅಂಗಡಿಗೆ ಓಟ. ಉಳಿಸಿದ್ದಕ್ಕಿಂತ ಹೆಚ್ಚು ಕೊಟ್ಟು ಜಿಟಿ 730 ಬರುತ್ತದೆ. 2014ರ ಸರಕು, ಎಚ್‌ಇವಿಸಿ ಇದಕ್ಕೂ ಅರ್ಥವಾಗದು. ಆದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘4 ಜಿಬಿ’ ಎಂದಿದೆ. ಅಪ್ಪನ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತು.

ರ‍್ಯಾಮಿನ ಕಥೆ ಇನ್ನೂ ಸೊಗಸು. 2024ರಲ್ಲಿ ಬ್ರೆಜಿಲ್‌ನಲ್ಲಿ ಬರ ಬಿದ್ದು ಕಾಫಿ ಬೆಲೆ ಏರಿತಲ್ಲ, ಅದು ಜಾಗತಿಕ ಮಾರುಕಟ್ಟೆ. 2025ರ ಕೊನೆಗೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಗುಡಿಸಿಕೊಂಡು ಹೋಗಿ ರ‍್ಯಾಮ್ ಬೆಲೆ ಏರಿತು. ಚಿಲ್ಲರೆ ಗಿರಾಕಿಗಳ ‘ಕ್ರೂಷಿಯಲ್’ ವ್ಯಾಪಾರಕ್ಕೇ ಕೈಮುಗಿಯುವುದಾಗಿ ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ ಸಾರಿತು. ರ‍್ಯಾಮಿನ ಏರಿಕೆ ಮಾತ್ರ ಅಂಗಡಿಯವನ ಕಳ್ಳತನ. “ಹೋದ ವರ್ಷ ಇಷ್ಟಿರಲಿಲ್ಲವಲ್ಲ?” ಎಂದು ಅಪ್ಪ ಗುಡುಗುತ್ತಾರೆ. ಐದು ವರ್ಷದ ಹಿಂದೆ ಕಾಫಿ ಮೂಟೆಗೆ ಎಷ್ಟಿತ್ತು ಎಂದು ಅಂಗಡಿಯವನು ತಿರುಗಿ ಕೇಳುವುದಿಲ್ಲ; ಗಿರಾಕಿ ದೇವರು. 16 ಜಿಬಿಯ ಜಾಗದಲ್ಲಿ 8 ಜಿಬಿಯ ಒಂಟಿ ಕಡ್ಡಿ ಕೂರುತ್ತದೆ. ಪಕ್ಕದ ಸ್ಲಾಟು ‘ಮುಂದೆ ನೋಡೋಣ’ಕ್ಕೆ ಮೀಸಲು.

ಉಳಿದ ಹಣವೆಲ್ಲ ಗಾಜಿನ ಕ್ಯಾಬಿನೆಟ್ಟಿಗೆ. ಒಳಗೆ ಫ್ಯಾನುಗಳು ನೀಲಿಯಿಂದ ನೇರಳೆಗೆ, ನೇರಳೆಯಿಂದ ಕೆಂಪಿಗೆ ಬಣ್ಣ ಬದಲಿಸುತ್ತವೆ. ರಾತ್ರಿ ನೋಡಿದರೆ ಕಳಸೇಶ್ವರನ ರಥೋತ್ಸವಕ್ಕೆ ಸೀರಿಯಲ್ ಸೆಟ್ ಬಿಟ್ಟಂತಿದೆ. ಎಸ್‌ಎಂಪಿಎಸ್ ಯಾವುದು ಹಾಕಿದಿರಿ ಎಂದರೆ “ಕ್ಯಾಬಿನೆಟ್ ಜೊತೆ ಫ್ರೀ ಬಂತು” ಎನ್ನುತ್ತಾರೆ. ಮೈಮೇಲೆ 450 ವಾಟ್ ಎಂದು ಅಚ್ಚಾಗಿದೆ, ಮಾಡಿದವರ ಹೆಸರಿಲ್ಲ. ಇಡೀ ಪೆಟ್ಟಿಗೆಗೆ ಅನ್ನ ಹಾಕುವ ಭಾಗ ಅದೊಂದೇ.

ಅದೂ ಎಲ್ಲಿ? ಮೇ ತಿಂಗಳ ಸಿಡಿಲಿಗೆ ಮೋಡೆಮ್ಮು ಸುಟ್ಟು, ಜೂನ್ ಮಳೆಗೆ ಲೈನಿನ ಮೇಲೆ ಮರ ಬಿದ್ದು, ಜುಲೈಯಲ್ಲಿ ಕರೆಂಟು ನೆಂಟರಂತೆ ಬಂದು ಹೋಗುವ ಸೀಮೆಯಲ್ಲಿ. 600 ವಿಎ ಯುಪಿಎಸ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಹೊರುವುದು ಸುಮಾರು 360 ವಾಟ್, ಅದೂ ಕೆಲವೇ ನಿಮಿಷ. ರೀಲ್ಸಿನ ಜೊತೆ ಒಪ್ಪಿಕೊಂಡ ಮದುವೆ ವಿಡಿಯೋದ ರೆಂಡರು ಶೇಕಡಾ ತೊಂಬತ್ತೆಂಟಕ್ಕೆ ಬಂದಾಗ ಅದು ಕುಂಯ್‌ಗುಟ್ಟುತ್ತದೆ, ಹುಡುಗನೂ ಕುಂಯ್‌ಗುಟ್ಟುತ್ತಾನೆ, ಇಬ್ಬರೂ ಒಟ್ಟಿಗೆ ಆರುತ್ತಾರೆ.

ಡಿಸ್ಕಿನ ಲೆಕ್ಕವನ್ನು ಯಾರೂ ಕೇಳುವುದೇ ಇಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದ 4ಕೆ ವಿಡಿಯೋ ಗಂಟೆಗೆ 45 ಜಿಬಿ ತಿನ್ನುತ್ತದೆ. ಎರಡು ಕ್ಯಾಮೆರಾ, ಐದು ಗಂಟೆ ಅಂದರೆ 450. ಇರುವುದು 512ರ ಎಸ್‌ಎಸ್‌ಡಿ ಒಂದೇ. ಹೀಗಾಗಿ ಹೋದ ವಾರದ ಮದುವೆ ಅಳಿಸಿದರಷ್ಟೇ ಈ ವಾರದ ಮದುವೆ ನಡೆಯುವುದು. ಮಾನಿಟರ್ ಹಳೇ ಟಿವಿ. ಅದರಲ್ಲಿ ಎತ್ತಿನಭುಜ, ದೇವರಮನೆ, ಕ್ಯಾತನಮಕ್ಕಿ ಎಲ್ಲವೂ ಒಂದೇ ಗಿಳಿಹಸಿರು.

ಖರ್ಚಿಲ್ಲದ ದಾರಿಯೂ ಇದೆ. ಭಾರದ ವಿಡಿಯೋಗೆ ಪ್ರಾಕ್ಸಿ ಎಂಬ ಹಗುರ ನಕಲು ಮಾಡಿಕೊಂಡು ಕತ್ತರಿಸಿದರೆ ಬಡ ಯಂತ್ರವೂ ಓಡುತ್ತದೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ 4ಕೆ ಅಲ್ಟ್ರಾ ಎಚ್‌ಡಿವರೆಗೆ ಕೊಡುತ್ತದೆ. ಆದರೆ ಉಚಿತಕ್ಕೆ ಮರ್ಯಾದೆ ಎಲ್ಲಿದೆ? ದುಬಾರಿ ಸಾಫ್ಟ್‌ವೇರಿನ ಕ್ರ್ಯಾಕು, ಅದರೊಳಗಿನ ವೈರಸ್ಸು, ಇವೆರಡೂ ಇದ್ದರೇ ಪ್ರೊಫೆಷನಲ್. ಮೂಡಿಗೆರೆ ಯಂತ್ರಕ್ಕೆ ಹೆದರಿದ ಊರಂತೂ ಅಲ್ಲ. ಸಾಹಿತಿ ತೇಜಸ್ವಿ ಇಲ್ಲೇ ತೋಟದಲ್ಲಿದ್ದುಕೊಂಡು ಹಕ್ಕಿಗಳ ಫೋಟೋ ತೆಗೆದರು, ಕನ್ನಡ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡರು. ಈಗಿನ ಹುಡುಗ ಸ್ಕ್ರೂಡ್ರೈವರ್ ಮುಟ್ಟಿದರೆ ವಾರಂಟಿ ಹೋದೀತೆಂದು ಕೈ ಹಿಂದಕ್ಕೆ ಕಟ್ಟಿ ನಿಲ್ಲುತ್ತಾನೆ.

ಮೊನ್ನೆ ಅಂಥದೊಂದು ಮನೆಗೆ ವೈರಿಂಗ್‌ನವನು ಬಂದಿದ್ದ. ಕ್ಯಾಬಿನೆಟ್ಟಿನ ತಗಡಿಗೆ ಟೆಸ್ಟರ್ ಹಿಡಿದ. ಟೆಸ್ಟರಿನ ಬಲ್ಬು ಹತ್ತಿತು. “ಅರ್ಥಿಂಗೇ ಇಲ್ಲ ಗೌಡ್ರೇ. ಹಿತ್ತಲಲ್ಲಿ ಗುಂಡಿ ತೋಡಿ ರಾಡು ಹೂಳಬೇಕು. ಇಲ್ಲದಿದ್ರೆ ಯಾವತ್ತಾದರೂ ಹೊಡೆಯುತ್ತೆ.”

ಗೌಡರು ಮಗನ ಮುಖ ನೋಡಿದರು. ಮಗ ಕ್ಯಾಬಿನೆಟ್ಟಿನ ಮುಖ ನೋಡಿದ.

“ಮುಂದಿನ ಕೊಯ್ಲು ಮುಗೀಲಿ ಮಾರಾಯ. ಮುಂದುಗಡೆ ಇನ್ನೊಂದು ಬಣ್ಣದ ಫ್ಯಾನ್ ಬಾಕಿ ಉಂಟಂತೆ.”